ಬ್ಯಾಡಗಿಯ ಕೂಲಿಯೋ, ಹುಬ್ಬಳ್ಳಿಯ ಪಗಾರವೋ?

ಹಾವೇರಿ ಸೀಮೆಯ ಒಣಬೇಸಾಯದ ಮನೆತನಗಳು ಹೊಲದಾಚೆಯ ದುಡಿಮೆಗೆ ಇಳಿಯುವುದು ಮಳೆ ಕೈಕೊಟ್ಟಾಗ ಬೇರೆ ದಾರಿಯಿಲ್ಲದೆ, ಇಲ್ಲವೇ ಹೊಲಕ್ಕಿಂತ ಹೆಚ್ಚಿನ ಆದಾಯದ ನಿರೀಕ್ಷೆಯಿಂದ. ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಸುಗ್ಗಿಯ ನಂತರ ಬೇಸಿಗೆಯವರೆಗೆ ಸಿಗುವುದರಿಂದ, ಸುತ್ತಲಿನ ಹಳ್ಳಿಯವರು ಸಂಜೆಗೆ ಮನೆ ಸೇರಬಹುದು, ಮುಂಗಾರಿನ ಬಿತ್ತನೆಯೂ ತಪ್ಪುವುದಿಲ್ಲ. ಆದರೆ ಘಾಟಿಗೆ ಕಣ್ಣು ಉರಿದು, ಬೆರಳ ತುದಿಗಳು ರಾತ್ರಿಯಿಡೀ ಚುರುಗುಟ್ಟುವ ಈ ಕೆಲಸವನ್ನು ಹಗುರವೆನ್ನುವುದು ಇದರಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಮಾಡುವ ಅನ್ಯಾಯ. ಹುಬ್ಬಳ್ಳಿಯ ಕಾರ್ಖಾನೆ ಅಥವಾ ಅಂಗಡಿಯ ಪಗಾರ ಬರಗಾಲದಲ್ಲೂ ನಿಲ್ಲುವುದಿಲ್ಲವಾದರೂ, ಕೋಣೆಯ ಬಾಡಿಗೆ, ಬಸ್ಸಿನ ಖರ್ಚು ಹಾಗೂ ಹಂಗಾಮಿನಲ್ಲಿ ರಜೆ ಸಿಗದಿದ್ದರೆ ಹೊಲಕ್ಕೆ ಹಚ್ಚುವ ಆಳಿನ ಕೂಲಿಯನ್ನು ಕಳೆದೇ ಲೆಕ್ಕ ಹಾಕಬೇಕು. ದುಡಿಯುವವರು ಇಬ್ಬರೇ ಇರುವ ಮನೆಗೆ ಬ್ಯಾಡಗಿಯೇ ಸರಿಯೆಂದು ನನ್ನ ಅಭಿಪ್ರಾಯ. ಓದಿದ ಮಕ್ಕಳಿದ್ದು, ತಿಂಗಳಿಗೊಮ್ಮೆ ಸಾಲದ ಕಂತು ಕಟ್ಟಬೇಕಾದವರು ಹುಬ್ಬಳ್ಳಿಯನ್ನು ಆರಿಸಿಕೊಳ್ಳಲಿ.