ಮಾಂಟೆಸ್ಸರಿ ಸೆಟ್ ಕೊಳ್ಳುವ ಮುಂಚೆ ‘ಠ’ ಹಲಗೆ ಮುಟ್ಟಿ ನೋಡಿ

ಎಲ್‌ಕೆಜಿ, ಯುಕೆಜಿ ವಯಸ್ಸಿನ ಮಕ್ಕಳಿಗೆಂದು ಮಾರುವ ದೊಡ್ಡ ಮಾಂಟೆಸ್ಸರಿ ಸೆಟ್‌ನಲ್ಲಿ ಸಾಮಾನ್ಯವಾಗಿ ಪಿಂಕ್ ಟವರ್, ಸಿಲಿಂಡರ್ ಬ್ಲಾಕ್, ನಂಬರ್ ರಾಡ್ (ಎಣಿಕೆ ಕಲಿಸುವ ಕೋಲುಗಳು), ಸ್ಪಿಂಡಲ್ ಬಾಕ್ಸ್, ಗೋಲ್ಡನ್ ಬೀಡ್ಸ್ ಮತ್ತು ಸ್ಯಾಂಡ್‌ಪೇಪರ್ ಅಕ್ಷರಗಳು (ಉರುಟು ಕಾಗದದಲ್ಲಿ ಕತ್ತರಿಸಿ ಹಲಗೆಗೆ ಅಂಟಿಸಿದ, ಬೆರಳಲ್ಲಿ ತೀಡುವ ಅಕ್ಷರಗಳು) ಇರುತ್ತವೆ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಮನೆಗಾದರೆ ಇಡೀ ಸೆಟ್ ಬೇಡ. ಸಿಲಿಂಡರ್ ಬ್ಲಾಕ್, ಸ್ಪಿಂಡಲ್ ಬಾಕ್ಸ್, ಕನ್ನಡ ಅಕ್ಷರಗಳು ಸಾಕು. ಹತ್ತಾರು ಮಕ್ಕಳು ಬರುವ ಶಿಶುವಿಹಾರಕ್ಕೆ ಪೂರ್ತಿ ಸೆಟ್ ಬೇಕು, ಆದರೆ ಅಳತೆ ನೋಡಿ ತಗೊಳ್ಳಬೇಕು.

ಯಾಕೆ ಅಳತೆ? ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ಮೊದಲ ಮಕ್ಕಳ ಮನೆ ತೆರೆದಾಗಿನಿಂದ ಈ ಸಾಮಗ್ರಿಯ ಗುಟ್ಟು ಒಂದೇ: ಮಗು ತಪ್ಪು ಮಾಡಿದರೆ ಅದನ್ನು ಹೇಳಬೇಕಾದ್ದು ಟೀಚರ್ ಅಲ್ಲ, ಕೈಯಲ್ಲಿರುವ ವಸ್ತು. ಅಳತೆ ಕೆಟ್ಟರೆ ವಸ್ತುವಿಗೆ ಬಾಯಿ ಹೋಯಿತು ಎಂದೇ ಲೆಕ್ಕ. ಉಳಿಯುವುದು ಬಣ್ಣದ ಮರದ ತುಂಡು.

ಸಿಲಿಂಡರ್ ಬ್ಲಾಕ್‌ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ನಾಲ್ಕು ಮರದ ಬ್ಲಾಕ್, ಒಂದೊಂದರಲ್ಲೂ ಹತ್ತು ತೂತು, ಅವಕ್ಕೆ ಇಳಿಯುವ, ಮೇಲೆ ಹಿಡಿ ಇರುವ ಹತ್ತು ಸಿಲಿಂಡರ್. ಒಂದೇ ಕೊಳ್ಳುವುದಾದರೆ ಎತ್ತರ ಸಮನಾಗಿದ್ದು ದಪ್ಪ ಮಾತ್ರ ಬದಲಾಗುವುದನ್ನು ಕೊಳ್ಳಿ. ಸಣ್ಣದನ್ನು ದೊಡ್ಡ ತೂತಿಗೆ ಹಾಕಿದರೆ ಕೊನೆಗೆ ದಪ್ಪನೆಯದು ಕೈಯಲ್ಲೇ ಉಳಿಯುತ್ತದೆ, ಮಗು ತಾನೇ ಎಲ್ಲ ತೆಗೆದು ಮತ್ತೆ ಶುರು ಮಾಡುತ್ತದೆ. ಎತ್ತರ ಮಾತ್ರ ಬದಲಾಗುವ ಬ್ಲಾಕ್‌ನಲ್ಲಿ ಎಲ್ಲವೂ ಎಲ್ಲ ತೂತಿಗೂ ಇಳಿಯುತ್ತವೆ. ಮುಳುಗಿದ್ದು, ಎದ್ದು ನಿಂತಿದ್ದು ಕಣ್ಣಿಗೆ ಬಿದ್ದರೆ ಮಾತ್ರ ತಪ್ಪು ತಿಳಿಯುತ್ತದೆ. ಅದು ಎರಡನೇ ಮೆಟ್ಟಿಲು. ಅಂಗಡಿಯಲ್ಲೇ ಪರೀಕ್ಷೆ ಮಾಡಿ: ಸರಿಯಾದ ಸಿಲಿಂಡರ್ ಒತ್ತದೆ ತಾನಾಗಿ ಇಳಿಯಬೇಕು, ಒಂದು ಅಳತೆ ಚಿಕ್ಕದು ಅದೇ ತೂತಿನಲ್ಲಿ ಗಡಗಡ ಅನ್ನಬೇಕು. ಒಣಗದ ಮರವಾದರೆ ಮಳೆಗಾಲದಲ್ಲಿ ಉಬ್ಬಿ ಸಿಕ್ಕಿಕೊಳ್ಳುತ್ತದೆ, ಮಗು ಜಗ್ಗಿದಾಗ ಹಿಡಿ ಕಿತ್ತು ಬರುತ್ತದೆ. ಹಿಡಿ ಚಿಕ್ಕದಾಗಿ, ಹೆಬ್ಬೆರಳು ಮತ್ತು ಎರಡು ಬೆರಳಿಗೆ ಮಾತ್ರ ಸಿಗುವಂತಿರಬೇಕು. ಮುಂದೆ ಪೆನ್ಸಿಲ್ ಹಿಡಿಯುವ ಬೆರಳುಗಳು ಪಳಗುವುದು ಇಲ್ಲಿಯೇ. ಅಣಬೆಯಂಥ ದಪ್ಪ ಹಿಡಿ ಇದ್ದರೆ ಮಗು ಮುಷ್ಟಿಯಲ್ಲಿ ಹಿಡಿಯುತ್ತದೆ, ಪಾಠದ ಅರ್ಧ ಅಲ್ಲೇ ಹೋಯಿತು.

ಪಿಂಕ್ ಟವರ್‌ಗೆ ಸ್ಕೇಲ್ ಬೇಕಿಲ್ಲ. ಹತ್ತು ಘನಗಳು, ಅಂಚು 1 ಸೆಂ.ಮೀ.ನಿಂದ 10 ಸೆಂ.ಮೀ.ವರೆಗೆ. ಒಂದರ ಮೇಲೊಂದನ್ನು ಒಂದೇ ಮೂಲೆಗೆ ಸರಿಸಿ ಕಟ್ಟಿ. ಪ್ರತಿ ಅಂತಸ್ತಿನಲ್ಲೂ ಎರಡು ಬದಿಗೆ ಸಣ್ಣ ಕಟ್ಟೆ ಉಳಿಯುತ್ತದೆ. ಅತಿ ಚಿಕ್ಕ ಘನ ಆ ಕಟ್ಟೆಯ ಮೇಲೆ ಅಂಚಿಗೆ ಅಂಚು ಸೇರಿ ಕೂರಬೇಕು. ಹೊರಗೆ ಚಾಚಿತು, ಒಳಗೆ ಉಳಿಯಿತು ಅಂದರೆ ಆ ಸೆಟ್ ಬಿಟ್ಟುಬಿಡಿ.

ಸ್ಪಿಂಡಲ್ ಬಾಕ್ಸ್‌ನಲ್ಲಿ 0ಯಿಂದ 9ರವರೆಗೆ ಹತ್ತು ಖಾನೆ, ಕಡ್ಡಿ ಸರಿಯಾಗಿ 45. ಹೆಚ್ಚುವರಿ ಎಂದು ನಾಲ್ಕು ಕಡ್ಡಿ ಕೊಟ್ಟಿದ್ದರೆ ತೆಗೆದು ಬೀರುವಿನಲ್ಲಿಡಿ. ಒಂಬತ್ತರ ಖಾನೆಗೆ ಹಾಕುವಾಗ ಕೈಯಲ್ಲಿ ಎಂಟೇ ಉಳಿದರೆ ಮಗುವಿಗೆ ಎಲ್ಲೋ ತಪ್ಪಿದ್ದು ಗೊತ್ತಾಗುತ್ತದೆ, ಸ್ಪೇರ್ ಇದ್ದರೆ ಗೊತ್ತಾಗುವುದಿಲ್ಲ. ಸೊನ್ನೆಯ ಖಾನೆ ಖಾಲಿ ಉಳಿಯುವುದನ್ನು ಕಣ್ಣಾರೆ ನೋಡುವುದಂತೂ ಬಹಳ ದೊಡ್ಡ ಕಲಿಕೆ.

ಇನ್ನು ಅಕ್ಷರಗಳು. ಕನ್ನಡದ ಸೆಟ್ ಕೊಳ್ಳುವವರು ಹೆಚ್ಚು ಮೋಸ ಹೋಗುವುದು ಇಲ್ಲಿ. 49 ಹಲಗೆ ಎಣಿಸಿದರೆ ಸಾಲದು, ‘ಠ’ ಮತ್ತು ‘ಥ’ ತೆಗೆದು ಬೆರಳಾಡಿಸಿ. ಒಳಗಿನ ಚುಕ್ಕೆ ಬೇರೆ ತುಂಡು, ಅಂಟು ಬಿಟ್ಟರೆ ಮೊದಲು ಉದುರುವುದು ಅದೇ. ಚುಕ್ಕೆ ಹೋದ ಠ, ರ ಆಗುತ್ತದೆ. ಥ, ಧ ಆಗುತ್ತದೆ. ಧದ ಕೆಳಗಿನ ಗೀಟೂ ಹೋದರೆ ದ. ಅಕ್ಷರ ಇನ್ನೂ ಪರಿಚಯವಿಲ್ಲದ ಮಗು ಸುಳ್ಳನ್ನೇ ಬೆರಳಲ್ಲಿ ಕಲಿಯುತ್ತದೆ. ಉರುಟು ಜಾಸ್ತಿ ಇದ್ದರೂ ಕಷ್ಟ: ಎರಡು ಅಕ್ಷರ ತೀಡುವಷ್ಟರಲ್ಲಿ ಬೆರಳು ಉರಿದು ಮಗು ಎದ್ದು ಹೋಗುತ್ತದೆ. ನಿಮ್ಮ ಕೆನ್ನೆಗೆ ಮೆಲ್ಲಗೆ ತಾಗಿಸಿ ನೋಡಿ, ಪರಚಿದರೆ ಬೇಡ.

ಹಲಗೆಗಳನ್ನು ಅ ಆ ಇ ಈ ಎಂದು ಸಾಲಾಗಿ ಕೊಡಬೇಡಿ. ನಮ್ಮ ಶಾಲೆಗಳಿಗೆ ಹಳೆಯ ಪರಿಚಯದ ರ ಗ ಸ ದ ಅ ಕ್ರಮ ಇಂದಿಗೂ ಒಳ್ಳೆಯದು. ಐದೇ ಅಕ್ಷರಕ್ಕೆ ಸರ, ಅರಸ, ಅಗಸ, ದಸರ, ಗರಗಸ ಸಿಕ್ಕವು. ಮುಂದಿನ ಜ ವ ಮ ಬ ನ ಸೇರಿದರೆ ಮರ, ಜನ, ಬಸವ. ಒಂದು ಸಲಕ್ಕೆ ಎರಡು ಮೂರು ಹಲಗೆ ಸಾಕು. ‘ಇದು ಸ’ ಎಂದು ತೀಡಿಸಿ, ‘ಸ ಎಲ್ಲಿದೆ, ತೋರಿಸು’ ಎಂದು ಆಟವಾಡಿಸಿ, ಕೊನೆಗೆ ‘ಇದೇನು?’ ಎಂದು ಕೇಳಿ. ದೊಡ್ಡವರು ಆತುರಪಟ್ಟು ಮೊದಲೇ ‘ಇದೇನು?’ ಅನ್ನುತ್ತಾರೆ, ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಸೆಟ್‌ನಲ್ಲಿ ಕಾಗುಣಿತದ ಚಿಹ್ನೆಗಳು, ಒತ್ತಕ್ಷರ ಇವೆಯೇ ಕೇಳಿಕೊಳ್ಳಿ. ಅವಿಲ್ಲದೆ ‘ಹಾಲು’ ಬರೆಯಲಾಗದು, ‘ಅಮ್ಮ’ ಬರೆಯಲಾಗದು. ಗರಗಸ ಓದುವ ಮಗುವಿಗೆ ಅಮ್ಮ ಓದಲು ಬಾರದಿದ್ದರೆ ಏನು ಬಂತು?

ಗೋಲ್ಡನ್ ಬೀಡ್ಸ್‌ಗೆ ನಾಲ್ಕು ವರ್ಷವಾದರೂ ಆಗಲಿ. ಒಂದು ಮಣಿ, ಹತ್ತರ ಸರಳು, ನೂರರ ಚೌಕ, ಸಾವಿರದ ಘನ. ಸಾವಿರ ಎಷ್ಟು ಭಾರ ಎಂಬುದು ಕೈಗೆ ತಿಳಿಯಬೇಕು. ಹಾಗಾಗಿ ಮಣಿಯ ಬದಲು ಚಿತ್ರ ಅಂಟಿಸಿದ ಮರದ ಘನ ನಮಗೆ ಒಪ್ಪಿಗೆಯಿಲ್ಲ.

ಪೆಟ್ಟಿಗೆಯಲ್ಲಿ ಸಿಗದ್ದೂ ಬೇಕಾದಷ್ಟಿದೆ. ಒಂದು ಲೋಟದಿಂದ ಇನ್ನೊಂದಕ್ಕೆ ಮೊದಲು ರಾಗಿ, ಆಮೇಲೆ ನೀರು ಸುರಿಯುವುದು, ಗುಂಡಿ ಹಾಕುವುದು, ಚೆಲ್ಲಿದ್ದನ್ನು ತಾನೇ ಒರೆಸುವುದು ಅಡುಗೆಮನೆಯಲ್ಲೇ ಆಗುತ್ತದೆ. ಹಾಡು, ಕಥೆ, ಮಣ್ಣು, ಓಟ, ಅಂಗಡಿಯಾಟಕ್ಕೆ ಜಾಗವಿಲ್ಲದ ಶಿಶುವಿಹಾರ ಎಷ್ಟು ಸಾಮಗ್ರಿ ಜೋಡಿಸಿಟ್ಟರೂ ಅರೆಬರೆಯೇ. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ 3ರಿಂದ 6 ವರ್ಷದವರಿಗೆ ಪಠ್ಯಪುಸ್ತಕ ಬೇಡ ಎನ್ನುತ್ತದೆ. ಶಿಶುವಿಹಾರದವರು ಒಂದೊಂದು ಸಾಮಗ್ರಿ ಒಂದೊಂದೇ ಇಡಿ, ಜಗಳ ಬರುತ್ತದೆಂದು ಎರಡೆರಡು ತರಬೇಡಿ. ಇನ್ನೊಬ್ಬರು ಮುಗಿಸುವವರೆಗೆ ಕಾಯುವುದು, ಮುಗಿಸಿದವರು ತಂದ ಜಾಗದಲ್ಲೇ ಇಡುವುದು ಗಣಿತದಷ್ಟೇ ಮುಖ್ಯ ಪಾಠ.

ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ಆಟಿಕೆಗೆ ಅದು ಕಡ್ಡಾಯ. ಮನೆಯಲ್ಲಿ ಮೂರು ತುಂಬದ ತಮ್ಮನೋ ತಂಗಿಯೋ ಇದ್ದರೆ ಪಿಂಕ್ ಟವರ್‌ನ ಅತಿ ಚಿಕ್ಕ ಘನವನ್ನೂ ಬಿಡಿ ಮಣಿಗಳನ್ನೂ ಆಟ ಮುಗಿದ ಕೂಡಲೇ ಎಣಿಸಿ ಮೇಲಿನ ಶೆಲ್ಫಿಗೆ ಹಾಕಿ. ಅವು ಗಂಟಲಿಗೆ ಸಿಕ್ಕುವ ಗಾತ್ರದವು.