ಮಧ್ಯಾಹ್ನದ ನಿದ್ದೆಗೆ ಜಾಗವಿಲ್ಲದ ಪ್ರವಾಸಪಟ್ಟಿ: ಒಂದು ಯೋಜನಾ ಸೇವೆಯ ವಿಮರ್ಶೆ

ಐದು ವರ್ಷದ ಮಗಳನ್ನೂ ಎರಡು ತುಂಬಿ ಮೂರು ತಿಂಗಳಾದ ಮಗನನ್ನೂ ಕರೆದುಕೊಂಡು ಒಂದು ಮಹಾನಗರದಲ್ಲಿ ಐದು ದಿನ ಕಳೆಯುವುದೆಂದು ನಿಶ್ಚಯಿಸಿದಾಗ, ಯೋಜನೆಯ ತಲೆನೋವನ್ನು ನಾವೇ ಹಚ್ಚಿಕೊಳ್ಳುವ ಬದಲು, ಶುಲ್ಕ ಪಡೆದು ದಿನವಾರು ಪ್ರವಾಸಪಟ್ಟಿ ಸಿದ್ಧಪಡಿಸಿಕೊಡುವ ಒಂದು ಆನ್‌ಲೈನ್ ಸೇವೆಯನ್ನು ನೆಚ್ಚಿಕೊಂಡೆವು. ಇಂಥ ಸೇವೆಗಳು ಈಗ ಹಲವಾರಿವೆ, ಅವುಗಳ ಕೆಲಸದ ರೀತಿಯೂ ಹೆಚ್ಚುಕಡಿಮೆ ಒಂದೇ. ನಾವು ಅರ್ಜಿಯೊಂದನ್ನು ತುಂಬಬೇಕು. ಅವರು ವಸತಿ, ಪ್ರವೇಶ ಟಿಕೆಟ್, ಟ್ಯಾಕ್ಸಿ ಎಲ್ಲವನ್ನೂ ಕಾದಿರಿಸಿ, ಯಾವ ಹೊತ್ತಿಗೆ ಎಲ್ಲಿರಬೇಕೆಂಬುದನ್ನು ನಕ್ಷೆಸಮೇತ ಕಳುಹಿಸುತ್ತಾರೆ, ಪ್ರವಾಸ ಮುಗಿಯುವವರೆಗೂ ಚಾಟ್‌ನಲ್ಲಿ ಸಹಾಯಕ್ಕೆ ಸಿಗುತ್ತಾರೆ. ಪುಟ್ಟ ಮಕ್ಕಳಿರುವ ಕುಟುಂಬಗಳಿಗೆಂದೇ ರೂಪಿಸಿದ್ದು ಎಂಬ ಭರವಸೆ ಅವರ ಮೊದಲ ಪುಟದಲ್ಲೇ ಇತ್ತು. ಬಳಸಿ ಬಂದ ಮೇಲಿನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವಸತಿಯ ಆಯ್ಕೆಯನ್ನು ಅವರು ನಮ್ಮ ಕೈಲಾಗುತ್ತಿದ್ದುದಕ್ಕಿಂತ ಎಷ್ಟೋ ಚೆನ್ನಾಗಿ ಮಾಡಿದರು. ಮಕ್ಕಳ ಹೊತ್ತನ್ನು ಲೆಕ್ಕ ಹಾಕುವುದರಲ್ಲಿ ಮಾತ್ರ ಪೂರ್ತಿ ಎಡವಿದರು.

ಅದರ ಸುಳಿವು ಅರ್ಜಿಯಲ್ಲೇ ಇತ್ತು, ಆದರೆ ಆಗ ನಮಗೆ ಹೊಳೆಯಲಿಲ್ಲ. ಮಕ್ಕಳ ವಯಸ್ಸನ್ನೇನೋ ಕೇಳಿದ್ದರು, ಆದರೆ ಅದು ಟಿಕೆಟ್ ರಿಯಾಯಿತಿಗಾಗಿ ಎಂದು ಪಕ್ಕದಲ್ಲೇ ಸಣ್ಣ ಅಕ್ಷರಗಳಲ್ಲಿ ಬರೆದಿತ್ತು. ನಮ್ಮ ಆಸಕ್ತಿ ಕಲೆಯೋ, ಇತಿಹಾಸವೋ, ಪ್ರಾಣಿಗಳೋ ಎಂದು ಕೇಳಿದ್ದರು. ಪ್ರವಾಸದ ವೇಗ ನಿಧಾನವಾಗಿರಬೇಕೋ, ಮಧ್ಯಮವೋ, ಚುರುಕೋ ಎಂದೂ ಕೇಳಿದ್ದರು. ಮಗು ಹಗಲಿನಲ್ಲಿ ಮಲಗುತ್ತದೆಯೇ, ಮಲಗಿದರೆ ಎಷ್ಟು ಹೊತ್ತಿಗೆ, ಸ್ಟ್ರಾಲರ್‌ನಲ್ಲಿ ನಿದ್ದೆ ಹತ್ತುತ್ತದೆಯೋ ಹಾಸಿಗೆಯೇ ಬೇಕೋ, ಡೈಪರ್ ಬಿಟ್ಟಾಗಿದೆಯೇ, ದೊಡ್ಡ ಮಗು ಎತ್ತಿಕೊಳ್ಳಿ ಎನ್ನದೆ ಎಷ್ಟು ದೂರ ನಡೆಯುತ್ತದೆ ಎಂಬ ಒಂದು ಪ್ರಶ್ನೆಯೂ ಅಲ್ಲಿರಲಿಲ್ಲ. ನಾವು ‘ನಿಧಾನ’ ಎಂಬುದಕ್ಕೆ ಗುರುತು ಹಾಕಿದೆವು. ಬಂದ ಪಟ್ಟಿಯಲ್ಲಿ ದಿನಕ್ಕೆ ನಾಲ್ಕು ಸ್ಥಳಗಳಿದ್ದವು. ಚುರುಕು ಎಂದಿದ್ದರೆ ಬಹುಶಃ ರಾತ್ರಿಪಾಳಿಯೂ ಇರುತ್ತಿತ್ತೇನೋ ಎಂದು ನನ್ನ ಪತಿ ನಕ್ಕರು, ಪಟ್ಟಿ ಕೈಗೆ ಬಂದ ದಿನ ನಾನೂ ನಕ್ಕೆ.

ಎರಡನೆಯ ದಿನವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಸೇವೆಯ ಗುಣದೋಷಗಳೆಲ್ಲ ಆ ಒಂದೇ ದಿನದಲ್ಲಿ ಅಡಗಿದ್ದವು. ಬೆಳಿಗ್ಗೆ ಒಂಬತ್ತೂವರೆಗೆ ಹಳೆಯ ಅರಮನೆ, ಹನ್ನೆರಡೂವರೆಗೆ ನಗರದ ದೊಡ್ಡ ವಸ್ತುಸಂಗ್ರಹಾಲಯ, ಮೂರು ಗಂಟೆಗೆ ದೋಣಿವಿಹಾರ, ನಾಲ್ಕೂವರೆಗೆ ಮಕ್ಕಳ ಮ್ಯೂಸಿಯಂ. ದೊಡ್ಡವರ ಕಣ್ಣಿಗೆ ಇದು ಹದವಾಗಿಯೇ ಇದೆ: ಸ್ಥಳಗಳು ಒಂದಕ್ಕೊಂದು ಹತ್ತಿರ, ಸರದಿಯಲ್ಲಿ ಕಾಯುವ ಕಷ್ಟವಿಲ್ಲ, ನಡುವೆ ಊಟಕ್ಕೆ ಬಿಡುವೂ ಇದೆ. ಆದರೆ ನಮ್ಮ ಮಗ ಮನೆಯಲ್ಲಿ ದಿನವೂ ಹನ್ನೆರಡೂವರೆಯ ಆಸುಪಾಸಿನಲ್ಲಿ ಕಣ್ಣುಜ್ಜಲು ಶುರು ಮಾಡುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆ ಐದು ವರ್ಷದೊಳಗಿನ ಮಕ್ಕಳಿಗಾಗಿ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಒಂದು ಮತ್ತು ಎರಡು ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ, ಮೂರು ಮತ್ತು ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕೆಂದು ಹೇಳಿದೆ. ಹೊಸ ಜಾಗದಲ್ಲಿ ರಾತ್ರಿಯ ನಿದ್ದೆ ಹೇಗೂ ಚೂರುಚೂರಾಗಿರುತ್ತದೆ. ಹಗಲಿನದನ್ನೂ ಕಿತ್ತುಕೊಂಡರೆ ಸಂಜೆಗೆ ಆ ಸಾಲವನ್ನು ಮಗು ಬಡ್ಡಿಸಮೇತ ವಸೂಲಿ ಮಾಡುತ್ತದೆ.

ಟಿಕೆಟ್‌ನಲ್ಲಿ ಪ್ರವೇಶದ ಸಮಯ ನಿಗದಿಯಾಗಿತ್ತು, ಕಾಲು ಗಂಟೆಗಿಂತ ತಡವಾದರೆ ರದ್ದು. ಆದ್ದರಿಂದ ನಿದ್ದೆಗಣ್ಣಿನ ಮಗುವನ್ನು ಎಬ್ಬಿಸಿಟ್ಟುಕೊಂಡೇ ಒಳಹೋದೆವು. ಸ್ಟ್ರಾಲರ್ ಅನ್ನು ಬಾಗಿಲಲ್ಲೇ ಬಿಡಬೇಕೆಂಬ ನಿಯಮವಿತ್ತು, ಪಟ್ಟಿಯಲ್ಲಿ ಅದರ ಮಾತೇ ಇರಲಿಲ್ಲ. ಹನ್ನೆರಡು ಕಿಲೋ ತೂಗುವ ಹುಡುಗ ನನ್ನ ಹೆಗಲ ಮೇಲೆ ನಿದ್ದೆಹೋದ. ಮಗಳು ನಾಣ್ಯಗಳ ಗಾಜಿನ ಪೆಟ್ಟಿಗೆಯೊಂದರ ಮುಂದೆ ತುದಿಗಾಲಲ್ಲಿ ನಿಂತು, “ಅಮ್ಮ, ಇದರೊಳಗೆ ಏನಿದೆ? ನನಗೆ ಬರೀ ಮರ ಕಾಣಿಸ್ತಿದೆ” ಎಂದಳು. ನಾನು ಅವಳ ಎತ್ತರಕ್ಕೆ ಬಾಗಿ ನೋಡಿದೆ, ನಿಜಕ್ಕೂ ಮರವಷ್ಟೇ ಕಾಣುತ್ತಿತ್ತು. ಬಾಸ್ಟನ್‌ನ ಲಲಿತಕಲಾ ವಸ್ತುಸಂಗ್ರಹಾಲಯದ ಬೆಂಜಮಿನ್ ಐವ್ಸ್ ಗಿಲ್ಮನ್ ಎಂಬವರು 1916ರಷ್ಟು ಹಿಂದೆಯೇ, ನೋಡುಗನೊಬ್ಬ ಪ್ರದರ್ಶನ ಪೆಟ್ಟಿಗೆಗಳ ಮುಂದೆ ಬಗ್ಗುವ, ಕುಕ್ಕರಿಸುವ, ಕತ್ತು ಚಾಚುವ ಭಂಗಿಗಳ ಛಾಯಾಚಿತ್ರಗಳನ್ನು ಪ್ರಕಟಿಸಿ, ಮ್ಯೂಸಿಯಂಗಳಲ್ಲಿ ಆಗುವ ದಣಿವಿಗೆ ವಸ್ತುಗಳನ್ನು ಜೋಡಿಸಿಟ್ಟ ರೀತಿಯೇ ಕಾರಣವೆಂದು ತೋರಿಸಿದ್ದರು. ಅದು ವಯಸ್ಕರ ಮಾತು. ಮೂರೂವರೆ ಅಡಿಯ ಹುಡುಗಿಗೆ ಆ ದಣಿವಿಗೆ ಬೇಕಾದಷ್ಟು ನೋಟವೂ ದಕ್ಕುವುದಿಲ್ಲ. ಆ ದಿನ ಅವಳು ಅತಿ ಹೆಚ್ಚು ಹೊತ್ತು ಕಳೆದದ್ದು ನೆಲದಲ್ಲಿ ಬಿಸಿಗಾಳಿ ಬರುತ್ತಿದ್ದ ಕಬ್ಬಿಣದ ಜಾಲರಿಯ ಮೇಲೆ ನಿಂತು ಲಂಗವನ್ನು ಉಬ್ಬಿಸಿಕೊಳ್ಳುವುದರಲ್ಲಿ.

ದೋಣಿಯನ್ನು ಕೈಬಿಟ್ಟೆವು. ನನ್ನ ನಿಜವಾದ ಆಕ್ಷೇಪ ಮಕ್ಕಳ ಮ್ಯೂಸಿಯಂನ ವಿಷಯದಲ್ಲಿದೆ. ಮುಟ್ಟಿ, ತಿರುಗಿಸಿ, ಹತ್ತಿ ಇಳಿದು ನೋಡುವಂಥ ಇಂಥ ಸಂಸ್ಥೆಗಳಿಗೆ ದೀರ್ಘ ಚರಿತ್ರೆಯಿದೆ. ಜಗತ್ತಿನ ಮೊದಲ ಮಕ್ಕಳ ಮ್ಯೂಸಿಯಂ ಬ್ರೂಕ್ಲಿನ್‌ನಲ್ಲಿ ತೆರೆದದ್ದು 1899ರಲ್ಲಿ. ಕೈಯಾಡಿಸಿ ಕಲಿಯುವ ವಿಜ್ಞಾನ ಕೇಂದ್ರಗಳಿಗೆ ಮಾದರಿಯಾದ ಸ್ಯಾನ್ ಫ್ರಾನ್ಸಿಸ್ಕೋದ ಎಕ್ಸ್‌ಪ್ಲೊರೇಟೋರಿಯಂ 1969ರದ್ದು. ಪುಟ್ಟ ಮಕ್ಕಳೊಡನೆ ಯಾವ ನಗರಕ್ಕೆ ಹೋದರೂ ಬೆಳಗಿನ ಮೊದಲ ಹೊತ್ತನ್ನು, ಅಂದರೆ ಮಕ್ಕಳೂ ತಂದೆತಾಯಿಯರೂ ಇನ್ನೂ ಗೆಲುವಾಗಿರುವ ಹೊತ್ತನ್ನು, ಇಂಥ ಜಾಗಕ್ಕೆ ಮೀಸಲಿಡಬೇಕು. ಈ ಸೇವೆಯವರು ಅದನ್ನು ಐದು ಗಂಟೆಗೆ ಬಾಗಿಲು ಹಾಕುವ ಜಾಗವೆಂದು ತಿಳಿದೂ ನಾಲ್ಕೂವರೆಗೆ ಇಟ್ಟಿದ್ದರು, ಪುಟ ತುಂಬಿಸಲು ಇಟ್ಟಂತೆ. ನೀರಿನ ಕಾಲುವೆಯಲ್ಲಿ ಅಣೆಕಟ್ಟು ಕಟ್ಟುವ ಆಟ ಮಗನಿಗೆ ಅರ್ಥವಾಗುವಷ್ಟರಲ್ಲಿ ಗಂಟೆ ಬಾರಿಸಿತು. ಅವನನ್ನು ಅಲ್ಲಿಂದ ಎತ್ತಿಕೊಂಡು ಬಂದ ದೃಶ್ಯವನ್ನು ವರ್ಣಿಸುವ ಅಗತ್ಯವಿಲ್ಲ, ಮಕ್ಕಳಿರುವವರಿಗೆ ಅದರ ಸದ್ದು ಕೇಳಿಸುತ್ತದೆ.

ಸಂಚಾರದ ಲೆಕ್ಕದಲ್ಲಿಯೂ ಇದೇ ಕಥೆ. ಪಟ್ಟಿಯಲ್ಲಿ ‘ಮೆಟ್ರೊ, 12 ನಿಮಿಷ’ ಎಂದಿದ್ದ ಪ್ರಯಾಣಕ್ಕೆ ನಮಗೆ ನಲವತ್ತು ನಿಮಿಷ ಹಿಡಿಯಿತು. ನಾವು ಇಳಿದ ನಿಲ್ದಾಣದಲ್ಲಿ ಲಿಫ್ಟ್ ಇರಲಿಲ್ಲ. ಒಬ್ಬರು ಮಗುವನ್ನು, ಇನ್ನೊಬ್ಬರು ಸ್ಟ್ರಾಲರ್ ಅನ್ನು ಹೊತ್ತು, ಮಗಳು ಗಟ್ಟಿಯಾಗಿ ಎಣಿಸುತ್ತಾ ಅರವತ್ತನಾಲ್ಕು ಮೆಟ್ಟಿಲು ಹತ್ತಿದೆವು. 1863ರಲ್ಲಿ ಶುರುವಾದ ಲಂಡನ್‌ನ ಭೂಗತ ರೈಲು, 1904ರ ನ್ಯೂಯಾರ್ಕ್ ಸಬ್‌ವೇ ಮುಂತಾದ ಹಳೆಯ ಜಾಲಗಳಲ್ಲಿ ಇಂದಿಗೂ ಅನೇಕ ನಿಲ್ದಾಣಗಳಿಗೆ ಮೆಟ್ಟಿಲುಗಳೇ ಗತಿ ಎಂಬುದು ಹೊಸ ಸಂಗತಿಯೇನಲ್ಲ, ಮಕ್ಕಳಿರುವ ಕುಟುಂಬಗಳಿಗೆ ಪ್ರವಾಸ ರೂಪಿಸುವವರಿಗೆ ಅದು ತಿಳಿದಿರಲೇಬೇಕು. ಗೂಗಲ್ ಮ್ಯಾಪ್ಸ್‌ನಲ್ಲಿ 2018ರಿಂದ, ಹಲವು ನಗರಗಳ ಸಾರ್ವಜನಿಕ ಸಾರಿಗೆಗೆ, ಗಾಲಿಕುರ್ಚಿಯಲ್ಲಿ ಹೋಗಬಹುದಾದ ದಾರಿಯನ್ನು ಆರಿಸಿಕೊಳ್ಳುವ ಸೌಲಭ್ಯವಿದೆ. ಗಾಲಿಕುರ್ಚಿ ಹೋಗುವಲ್ಲಿ ಸ್ಟ್ರಾಲರ್ ಕೂಡ ಹೋಗುತ್ತದೆ. ಮೂರನೆಯ ದಿನದಿಂದ ನಾವು ಸೇವೆಯ ನಕ್ಷೆಯನ್ನು ಮುಚ್ಚಿಟ್ಟು ಅದನ್ನೇ ಬಳಸಿದೆವು. ಕೆಲವೊಮ್ಮೆ ಒಂದು ನಿಲ್ದಾಣ ಮುಂದೆ ಹೋಗಿ ಹಿಂದಕ್ಕೆ ನಡೆಯಬೇಕಾಯಿತು, ಆದರೂ ಅದೇ ವಾಸಿ.

ಇನ್ನೊಂದು ಮಾತು. ಪಟ್ಟಿ ಮಾಡಿದವರ ಮನಸ್ಸಿನಲ್ಲಿ ಪುಟ್ಟ ಮಗುವೆಂದರೆ ಸ್ಟ್ರಾಲರ್‌ನಲ್ಲಿ ಕುಳಿತಿರುವ ಒಂದು ಲಗೇಜ್. ಮೊದಲ ದಿನದ ‘ಹಳೆಪೇಟೆಯ ಕಾಲ್ನಡಿಗೆ’ ಮೂರು ಗಂಟೆಯದು. ನಡುವೆ ಮಗುವನ್ನು ಇಳಿಸಿ ಓಡಾಡಲು ಬಿಡುವಂಥ ಒಂದು ಬಯಲೂ ದಾರಿಯಲ್ಲಿರಲಿಲ್ಲ. ಮೇಲೆ ಹೇಳಿದ ಮಾರ್ಗಸೂಚಿಯೇ ಈ ವಯಸ್ಸಿನ ಮಕ್ಕಳನ್ನು ಒಂದೇ ಸಲಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಸ್ಟ್ರಾಲರ್‌ನಲ್ಲೋ ಕುರ್ಚಿಯಲ್ಲೋ ಕಟ್ಟಿ ಕೂರಿಸಬಾರದು, ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡುವಂತಿರಬೇಕು ಎನ್ನುತ್ತದೆ. ಅದನ್ನು ಓದದವರಿಗೂ, ಬೆಲ್ಟ್ ಬಿಚ್ಚಲು ಬೆನ್ನು ಬಿಲ್ಲಿನಂತೆ ಬಾಗಿಸುವ ಮಗುವೇ ವಿಷಯವನ್ನು ಮನವರಿಕೆ ಮಾಡಿಕೊಡುತ್ತದೆ.

ಇಷ್ಟೆಲ್ಲ ದೂರಿದ ಮೇಲೆ ವಸತಿಯ ವಿಷಯದಲ್ಲಿ ಅವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಲೇಬೇಕು. ನಾವೇ ಹುಡುಕಿದ್ದರೆ ನಗರದ ನಡುಮಧ್ಯದಲ್ಲಿ, ಒಳ್ಳೆಯ ನೋಟವಿರುವ ಒಂದು ಹೋಟೆಲ್ ಕೋಣೆಯನ್ನು ಹಿಡಿಯುತ್ತಿದ್ದೆವು. ರಾತ್ರಿ ಎಂಟಕ್ಕೆ ಮಕ್ಕಳನ್ನು ಮಲಗಿಸಿ, ದೀಪ ಆರಿಸಿ, ಸ್ನಾನದ ಮನೆಯಲ್ಲಿ ಕುಳಿತು ಪಿಸುಮಾತಿನಲ್ಲಿ ಊಟ ಮುಗಿಸುತ್ತಿದ್ದೆವು. ಅವರು ಕೊಡಿಸಿದ್ದು ಕೇಂದ್ರದಿಂದ ನಾಲ್ಕು ನಿಲ್ದಾಣ ಆಚೆಗಿನ, ನಡುವೆ ಬಾಗಿಲಿರುವ ಎರಡು ಕೋಣೆಗಳ ಮನೆ. ಫ್ರಿಜ್ ಇತ್ತು, ಬಟ್ಟೆ ಒಗೆಯುವ ಯಂತ್ರವಿತ್ತು, ಕೆಳಗಿಳಿದರೆ ದಿನಸಿ ಅಂಗಡಿ, ರಸ್ತೆ ದಾಟಿದರೆ ಜಾರುಬಂಡೆಯಿರುವ ಉದ್ಯಾನ. ಕಿಟಕಿಗಳಿಗೆ ಬೆಳಕು ನುಸುಳದ ದಪ್ಪ ಪರದೆಯಿದೆಯೇ ಎಂಬುದನ್ನೂ ಮಾಲೀಕರಿಂದ ಕೇಳಿ ಖಚಿತಪಡಿಸಿಕೊಂಡಿದ್ದರು. ಹತ್ತಿರದ ಔಷಧಿ ಅಂಗಡಿ, ರಾತ್ರಿ ತೆರೆದಿರುವ ಮಕ್ಕಳ ಆಸ್ಪತ್ರೆ ಇವುಗಳ ವಿಳಾಸ ಪಟ್ಟಿಯ ಕೊನೆಯ ಪುಟದಲ್ಲಿತ್ತು. ವಸತಿಯನ್ನು ಇಷ್ಟು ಎಚ್ಚರದಿಂದ ಆರಿಸಿದವರೇ ಮಧ್ಯಾಹ್ನ ಅಲ್ಲಿಗೆ ಮರಳಲು ಒಂದು ದಿನವೂ ಅವಕಾಶ ಕೊಡಲಿಲ್ಲವೆಂಬುದು ಸೋಜಿಗ. ಬಹುಶಃ ಎರಡು ಕೆಲಸಗಳನ್ನೂ ಇಬ್ಬರು ಬೇರೆಬೇರೆಯವರು ಮಾಡುತ್ತಿರಬೇಕು.

ವಿಮಾನ ನಿಲ್ದಾಣದಿಂದ ಬರುವ ಟ್ಯಾಕ್ಸಿಯದು ಮಿಶ್ರ ಅನುಭವ. ಮಕ್ಕಳ ಸೀಟು ಬೇಕೆಂದು ಹೇಳಿದ್ದೆವು, ಬಂದ ಕಾರಿನಲ್ಲಿ ಮಗಳಿಗಾಗುವ ಬೂಸ್ಟರ್ (ಕೂರುವ ಎತ್ತರ ಹೆಚ್ಚಿಸುವ ಸೀಟು) ಒಂದೇ ಇತ್ತು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ ಎಂದು ಚಾಲಕರು ಸಲಹೆ ಕೊಟ್ಟರು, ನಾವು ಒಪ್ಪಲಿಲ್ಲ. ಸರಿಯಾದ ಸೀಟಿರುವ ಇನ್ನೊಂದು ಕಾರು ಬರಲು ಐವತ್ತು ನಿಮಿಷವಾಯಿತು. 2013ರಲ್ಲಿ ಜಾರಿಗೆ ಬಂದ ವಿಶ್ವಸಂಸ್ಥೆಯ ಆರ್129 ನಿಯಮ ಮಕ್ಕಳ ಸೀಟುಗಳನ್ನು ತೂಕದ ಬದಲು ಎತ್ತರದ ಆಧಾರದ ಮೇಲೆ ವಿಂಗಡಿಸುತ್ತದೆ. ಆದ್ದರಿಂದ ಟ್ಯಾಕ್ಸಿ ಕಾದಿರಿಸುವಾಗ ಪ್ರತಿ ಮಗುವಿನ ಎತ್ತರವನ್ನು ಸೆಂಟಿಮೀಟರ್‌ಗಳಲ್ಲಿ ಬರೆದು ಕಳುಹಿಸುವುದು ಒಳ್ಳೆಯದು. ಹಿಂದಿರುಗುವಾಗ ನಾವು ಹಾಗೆಯೇ ಮಾಡಿದೆವು, ಎರಡೂ ಸೀಟುಗಳು ಸರಿಯಾಗಿ ಬಂದವು.

ಚಾಟ್‌ನಲ್ಲಿದ್ದ ಸಿಬ್ಬಂದಿ ಸೌಜನ್ಯದಿಂದ ವರ್ತಿಸಿದರು. ಎರಡನೆಯ ದಿನದ ರಾತ್ರಿ ನಾನು ಸ್ವಲ್ಪ ಖಾರವಾಗಿಯೇ ಬರೆದಾಗ, ಮುಕ್ಕಾಲು ಗಂಟೆಯೊಳಗೆ ಉಳಿದ ಮೂರು ದಿನಗಳನ್ನು ಹೊಸದಾಗಿ ಜೋಡಿಸಿ ಕಳುಹಿಸಿದರು. ಆದರೆ ಅದಾಗಲೇ ಕೊಂಡಿದ್ದ ಟಿಕೆಟ್‌ಗಳ ಪೈಕಿ ಹೆಚ್ಚಿನವಕ್ಕೆ ಹಣ ವಾಪಸಿರಲಿಲ್ಲ. ಬದಲಾಯಿಸಬಹುದಾದ, ಅಥವಾ ದಿನದ ಯಾವ ಹೊತ್ತಿಗಾದರೂ ಹೋಗಬಹುದಾದ ಟಿಕೆಟ್‌ಗಳನ್ನೇ ಕೊಳ್ಳಿ ಎಂದು ನಾವು ಅವರಿಗೆ ಮೊದಲೇ ಬರೆದುಕೊಡಬೇಕಿತ್ತು. ತುಸು ಹೆಚ್ಚು ತೆತ್ತರೂ ಮಕ್ಕಳೊಡನೆ ಹೋಗುವವರಿಗೆ ಅದು ನಷ್ಟವಲ್ಲ.

ನಾಲ್ಕನೆಯ ದಿನ ನಮ್ಮದೇ ಲೆಕ್ಕದಲ್ಲಿ ನಡೆದೆವು. ಬೆಳಿಗ್ಗೆ ಅಕ್ವೇರಿಯಂ ಒಂದೇ. ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿದ್ದು, ಗುಂಪು ಸೇರುವ ಮೊದಲೇ ಚಪ್ಪಟೆ ಮೈಯ ತೊರಕೆ ಮೀನುಗಳ ತೊಟ್ಟಿಯ ಮುಂದೆ ನೆಲದ ಮೇಲೆ ಕುಳಿತುಬಿಟ್ಟೆವು. ಹನ್ನೊಂದೂಕಾಲಿಗೆ ಹೊರಟು, ದಾರಿಯಲ್ಲೇ ಮಗನಿಗೆ ಊಟ ಮಾಡಿಸಿ, ಹನ್ನೆರಡೂವರೆಗೆ ಪರದೆ ಎಳೆದೆವು. ಅವನು ಎರಡು ಗಂಟೆ ನಿದ್ದೆ ಮಾಡಿದ. ಆಚೆ ಕೋಣೆಯಲ್ಲಿ ಮಗಳು ಮೀನುಗಳ ಚಿತ್ರ ಬರೆದಳು. ನನ್ನ ಪತಿ ಒಬ್ಬರೇ ಹೋಗಿ, ತಾವು ನೋಡಲೇಬೇಕೆಂದಿದ್ದ ಚಿತ್ರಶಾಲೆಯನ್ನು ನೋಡಿ ಬಂದರು. ಸಂಜೆ ಎಲ್ಲರೂ ಉದ್ಯಾನದಲ್ಲಿದ್ದೆವು. ಮರುದಿನ ಸರದಿ ನನ್ನದಾಯಿತು, ನಾಣ್ಯಗಳ ಆ ಪೆಟ್ಟಿಗೆಯನ್ನು ನಾನು ಮತ್ತೆ ಹೋಗಿ ಸಾವಕಾಶವಾಗಿ ನೋಡಿದೆ.

ಈ ಸೇವೆಯನ್ನು ಕೊಳ್ಳಬಹುದೇ ಎಂದರೆ, ವಸತಿ ಮತ್ತು ಟ್ಯಾಕ್ಸಿಗೆ ಮಾತ್ರ ಶುಲ್ಕ ಕೊಡುವ ಆಯ್ಕೆ ಇದ್ದಲ್ಲಿ ಧಾರಾಳವಾಗಿ ಕೊಳ್ಳಬಹುದು. ಎಂಟು ದಾಟಿದ ಮಕ್ಕಳಿರುವವರಿಗೆ ದಿನದ ಪಟ್ಟಿಯೂ ಪ್ರಯೋಜನಕ್ಕೆ ಬಂದೀತು. ಮುಂದಿನ ಪ್ರವಾಸಕ್ಕೆ ನಾವೇ ಮತ್ತೆ ಅವರಿಗೆ ಬರೆದಿದ್ದೇವೆ, ಆ ಪರದೆಗಳ ಋಣಕ್ಕಾಗಿ. ಅರ್ಜಿಯ ಕೊನೆಯಲ್ಲಿ ‘ಇತರೆ’ ಎಂಬ ಖಾಲಿ ಜಾಗದಲ್ಲಿ, ಹನ್ನೆರಡೂವರೆಯಿಂದ ಎರಡೂವರೆವರೆಗೆ ಪ್ರತಿದಿನ ಏನನ್ನೂ ಇಡಬೇಡಿ, ಮಗು ಮಲಗುತ್ತದೆ ಎಂದು ಸ್ಪಷ್ಟವಾಗಿ ಬರೆದೆ. ನಿನ್ನೆ ಉತ್ತರ ಬಂತು: “ನಿಮ್ಮ ಕೋರಿಕೆಯನ್ನು ಗಮನಿಸಿದ್ದೇವೆ. ಆ ಎರಡು ಗಂಟೆಗಳ ಬಿಡುವಿಗೆ ಹೊಂದುವಂಥ ಒಂದು ದೋಣಿವಿಹಾರವಿದೆ, ಸೇರಿಸೋಣವೇ?”