ಬೋರ್ಡ್ ಉಳಿಸಿಕೊಂಡು ಪ್ರೊಸೆಸರ್ ಮಾತ್ರ: ಹಳೇ ಎಎಂ4 ಸಿಸ್ಟಂಗೆ ರೈಜನ್ 5 5600

2017ರಿಂದ 2020ರೊಳಗೆ ಅಸೆಂಬಲ್ ಮಾಡಿಸಿದ ಎಎಂಡಿ ಸಿಸ್ಟಂ ಮನೆಯಲ್ಲಿದ್ದರೆ ಅದರಲ್ಲಿ ರೈಜನ್ 3 1200, ರೈಜನ್ 3 2200ಜಿ, ರೈಜನ್ 5 1600 ಅಥವಾ 2600 ಇರುವ ಸಾಧ್ಯತೆ ಹೆಚ್ಚು. ಬೋರ್ಡ್ ಎ320, ಬಿ350 ಇಲ್ಲವೇ ಬಿ450; ಇವುಗಳಲ್ಲಿ ಪ್ರೊಸೆಸರ್ ಕೂರುವ ಸಾಕೆಟ್‌ನ ಹೆಸರೇ ಎಎಂ4. ಸಿಸ್ಟಂ ನಿಧಾನವಾಗಿದೆ ಎಂದು ಅಂಗಡಿಯಲ್ಲಿ ಕೇಳಿದರೆ "ಬೋರ್ಡು, ರ‍್ಯಾಮು, ಪ್ರೊಸೆಸರು ಮೂರೂ ಹೊಸದು ಹಾಕಿಸಿಬಿಡಿ ಸಾರ್" ಎನ್ನುತ್ತಾರೆ. ಈಗಿನ ಹೊಸ ಸಾಕೆಟ್ ಆದ ಎಎಂ5ರ ಬೋರ್ಡಿಗೆ ಡಿಡಿಆರ್5 ರ‍್ಯಾಮೇ ಬೇಕು, ಕೈಯಲ್ಲಿರುವ ಡಿಡಿಆರ್4 ಅದಕ್ಕೆ ಕೂರುವುದಿಲ್ಲ. ಹಾಗಾಗಿ ಒಂದು ಖರ್ಚು ಮೂರಾಗುತ್ತದೆ. ಬಹುತೇಕ ಮನೆಗಳಿಗೆ ಇದು ಬೇಕಿಲ್ಲ. ಅದೇ ಬೋರ್ಡು, ಅದೇ ರ‍್ಯಾಮು, ಅದೇ ಎಸ್‌ಎಂಪಿಎಸ್ (ಸಿಸ್ಟಂಗೆ ಕರೆಂಟ್ ಕೊಡುವ ಡಬ್ಬ) ಇಟ್ಟುಕೊಂಡು ಪ್ರೊಸೆಸರ್ ಒಂದನ್ನೇ ರೈಜನ್ 5 5600ಕ್ಕೆ ಬದಲಿಸುವುದು ಹತ್ತು ಸಾವಿರದ ಆಸುಪಾಸಿನ ಬಜೆಟ್ಟಿನಲ್ಲಿ ಇವತ್ತಿಗೂ ಅತ್ಯುತ್ತಮ ದಾರಿ.

5600 ಬಂದದ್ದು 2022ರ ಏಪ್ರಿಲ್‌ನಲ್ಲಿ. 6 ಕೋರ್, 12 ಥ್ರೆಡ್ (ಒಂದೊಂದು ಕೋರ್ ಏಕಕಾಲಕ್ಕೆ ಎರಡು ಕೆಲಸ ಹಿಡಿಯುತ್ತದೆ), ಬೇಸ್ ವೇಗ 3.5 ಗಿಗಾಹರ್ಟ್ಸ್, ಬೂಸ್ಟ್ ಅಂದರೆ ಗರಿಷ್ಠ ವೇಗ 4.4, ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 32 ಎಂಬಿ, ಟಿಡಿಪಿ (ಕಂಪನಿ ನಮೂದಿಸುವ ವಿದ್ಯುತ್ ಹಾಗೂ ಬಿಸಿಯ ಅಂದಾಜು) 65 ವ್ಯಾಟ್. ರೈಜನ್ 5 1600ರಲ್ಲೂ 6 ಕೋರ್, 12 ಥ್ರೆಡ್ ಇವೆಯಲ್ಲ, ವ್ಯತ್ಯಾಸ ಏನು ಎಂದು ಕೇಳುವವರಿದ್ದಾರೆ. ವ್ಯತ್ಯಾಸ ಇರುವುದು ಒಂದೊಂದು ಕೋರ್‌ನ ಶಕ್ತಿಯಲ್ಲಿ. 1600ರ ಬೂಸ್ಟ್ 3.6 ಗಿಗಾಹರ್ಟ್ಸ್‌ಗೆ ನಿಲ್ಲುತ್ತದೆ. ಅದೇ ಗಿಗಾಹರ್ಟ್ಸ್‌ನಲ್ಲಿ ಆಗುವ ಕೆಲಸವೂ ತಲೆಮಾರಿನಿಂದ ತಲೆಮಾರಿಗೆ ಹೆಚ್ಚಿದೆ: ಝೆನ್ 2 ಎಂಬ ತಲೆಮಾರಿನಿಂದ 5600ರ ತಲೆಮಾರಾದ ಝೆನ್ 3ಕ್ಕೆ ಬಂದಾಗಲೇ ಎಎಂಡಿ ಹೇಳಿದ ಏರಿಕೆ ಸರಾಸರಿ ಶೇ. 19. ಅದಕ್ಕೂ ಮುಖ್ಯವಾದದ್ದು ಒಳಗಿನ ವಿನ್ಯಾಸ. ಮೊದಲಿನ ರೈಜನ್‌ಗಳಲ್ಲಿ ಆರು ಕೋರ್‌ಗಳು ಮೂರು ಮೂರರ ಎರಡು ಗುಂಪಾಗಿದ್ದವು, ಕ್ಯಾಶ್ ಕೂಡ ಎರಡು ಪಾಲಾಗಿತ್ತು. ಒಂದು ಗುಂಪಿನ ಕೋರ್‌ಗೆ ಇನ್ನೊಂದರ ಕ್ಯಾಶ್‌ನಲ್ಲಿರುವ ಡೇಟಾ ಬೇಕಾದರೆ ಸುತ್ತು ಹಾಕಿ ತರಬೇಕಿತ್ತು. 5600ರಲ್ಲಿ ಆರೂ ಕೋರ್ ಒಂದೇ ಗುಂಪು, 32 ಎಂಬಿ ಪೂರ್ತಿ ಎಲ್ಲರಿಗೂ ಸೇರಿದ್ದು. ಗೇಮ್‌ಗಳಲ್ಲಿ ಫ್ರೇಮ್ ತಟ್ಟನೆ ಬಿದ್ದು ಜಗ್ಗುವುದು ಕಡಿಮೆಯಾಗಲು ಇದೇ ಮುಖ್ಯ ಕಾರಣ. ಕೋರೆಲ್ ಡ್ರಾ, ಫೋಟೊಶಾಪ್‌ನಲ್ಲಿ ಮನೆಯಿಂದಲೇ ಲಗ್ನಪತ್ರಿಕೆ, ಫ್ಲೆಕ್ಸ್ ಡಿಸೈನ್ ಮಾಡುವವರಿಗೂ ಲಾಭ ಇಲ್ಲಿಯೇ ಸಿಗುತ್ತದೆ. ಅವರ ಬಹುಪಾಲು ಕೆಲಸ ಒಂದೆರಡು ಕೋರ್‌ಗಳ ಮೇಲೆಯೇ ಬೀಳುತ್ತದೆ.

ಆದರೆ ದುಡ್ಡು ಕೊಡುವ ಮೊದಲು ತಪ್ಪು ಪ್ರೊಸೆಸರ್‌ನದೇ ಎಂದು ಖಚಿತ ಮಾಡಿಕೊಳ್ಳಿ. ದಿನಾ ಮಾಡುವ ಕೆಲಸವನ್ನೇ ಮಾಡುತ್ತಾ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟ ನೋಡಿ. ಡಿಸ್ಕ್ ಶೇ. 100ಕ್ಕೆ ಅಂಟಿಕೊಂಡು ಪ್ರೊಸೆಸರ್ 20–30ರಲ್ಲಿದ್ದರೆ ಬೇಕಾಗಿರುವುದು ಎಸ್‌ಎಸ್‌ಡಿ. ಮೆಮೊರಿ 90 ದಾಟಿದ್ದರೆ ಬೇಕಾಗಿರುವುದು ರ‍್ಯಾಮ್. ಗೇಮ್ ಆಡುವಾಗ ಜಿಪಿಯು (ಗ್ರಾಫಿಕ್ಸ್ ಚಿಪ್) 97–99ರಲ್ಲಿ ದುಡಿಯುತ್ತಿದ್ದರೆ ಹೊಸ ಪ್ರೊಸೆಸರ್ ಹಾಕಿದರೂ ಫ್ರೇಮ್ ಏರುವುದಿಲ್ಲ. ಜಿಪಿಯು 60ರಲ್ಲಿ ಆರಾಮಾಗಿದ್ದು ಗೇಮ್ ಜಗ್ಗುತ್ತಿದ್ದರೆ ಮಾತ್ರ ಪ್ರೊಸೆಸರ್ ಕಡೆ ಬೆರಳು ತೋರಿಸಬಹುದು. ಇಲ್ಲೊಂದು ಮೋಸ ಹೋಗುವ ಜಾಗವಿದೆ. ಒಟ್ಟು ಸಿಪಿಯು ಬಳಕೆ 35 ಎಂದು ತೋರಿಸಿದರೂ ಒಂದು ಕೋರ್ ಪೂರ್ತಿ ತುಂಬಿ ಕೆಲಸ ಅಲ್ಲೇ ಸಿಕ್ಕಿಕೊಂಡಿರಬಹುದು. ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್‌ಗಳನ್ನು ಬೇರೆಬೇರೆಯಾಗಿ ತೋರಿಸುವಂತೆ ಮಾಡಿ ನೋಡಿ.

ಇನ್ನು ಅತಿ ಹೆಚ್ಚು ಜನ ಎಡವುವ ವಿಷಯ. 5600ರಲ್ಲಿ ಒಳಗೇ ಕೂಡಿಸಿದ ಗ್ರಾಫಿಕ್ಸ್ ಇಲ್ಲ. ಬೋರ್ಡ್ ಹಿಂದೆ ಎಚ್‌ಡಿಎಂಐ ಪೋರ್ಟ್ ಇದ್ದಮಾತ್ರಕ್ಕೆ ಡಿಸ್‌ಪ್ಲೇ ಬರುವುದಿಲ್ಲ, ಬೇರೆ ಗ್ರಾಫಿಕ್ಸ್ ಕಾರ್ಡ್ ಇರಲೇಬೇಕು. ಈಗ 2200ಜಿ ಅಥವಾ 3200ಜಿ ಮೇಲೆ ಕಾರ್ಡ್ ಇಲ್ಲದೆ ನಡೆಯುತ್ತಿರುವ ಸಿಸ್ಟಂ ಆದರೆ 5600 ಬೇಡ, 5600ಜಿ ಅಥವಾ 5600ಜಿಟಿ ತೆಗೆದುಕೊಳ್ಳಿ. ಅವುಗಳ ಕ್ಯಾಶ್ 16 ಎಂಬಿ ಮಾತ್ರ, ಆದರೂ ಆಫೀಸ್ ಕೆಲಸ, ಮಕ್ಕಳ ಪಾಠ, ಫೋಟೊ ಎಡಿಟಿಂಗ್‌ಗೆ ಧಾರಾಳ. ಅಗ್ಗವಾಗಿ ಸಿಗುತ್ತದೆಂದು 5500 ಕಡೆ ಮನಸ್ಸು ಹೋಗುತ್ತದೆ. ಅದೂ 16 ಎಂಬಿಯದೇ, ಗ್ರಾಫಿಕ್ಸೂ ಇಲ್ಲ. ಬೆಲೆಯಲ್ಲಿ ಸಾವಿರ ರೂಪಾಯಿಯಷ್ಟೇ ವ್ಯತ್ಯಾಸವಿದ್ದರೆ 5600ಕ್ಕೇ ಕೈಹಾಕಿ. 4500 ಅಂತೂ ಬೇಡವೇ ಬೇಡ. ಅದು ಹಿಂದಿನ ತಲೆಮಾರಿನ ಝೆನ್ 2, ಕ್ಯಾಶ್ 8 ಎಂಬಿ. ಹೆಸರಿನಲ್ಲಿ "ರೈಜನ್ 5" ಇದೆ ಎಂಬುದೊಂದೇ ಅದರ ಸಮಾಧಾನ. 5600ಎಕ್ಸ್‌ನ ಬೂಸ್ಟ್ 4.6, ಆ 200 ಮೆಗಾಹರ್ಟ್ಸ್‌ಗೆ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ. ವಿಡಿಯೊ ಎಡಿಟಿಂಗ್ ದಿನನಿತ್ಯದ ಕೆಲಸವಾಗಿದ್ದರೆ 8 ಕೋರ್‌ನ 5700ಎಕ್ಸ್ ನೋಡಬಹುದು. ಅದೂ 65 ವ್ಯಾಟ್‌ನದೇ, ಆದರೆ ಡಬ್ಬದಲ್ಲಿ ಕೂಲರ್ ಬರುವುದಿಲ್ಲ. ಆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ.

5800ಎಕ್ಸ್‌ನಂಥ 105 ವ್ಯಾಟ್‌ನವುಗಳನ್ನು ಹೀಟ್‌ಸಿಂಕ್ ಇಲ್ಲದ ಎ320 ಬೋರ್ಡಿಗೆ ಹಾಕಿಸಬೇಡಿ. ಕಾಗದದ ಮೇಲೆ 105 ಎಂದಿದ್ದರೂ ಸಾಕೆಟ್‌ನಿಂದ ಎಳೆಯಲು ಅನುಮತಿ 142 ವ್ಯಾಟ್‌ವರೆಗಿದೆ. ಪ್ರೊಸೆಸರ್‌ಗೆ ಕರೆಂಟ್ ಕೊಡುವ ವಿಆರ್‌ಎಂ ಕಾದು ಕೊನೆಗೆ ಬೋರ್ಡೇ ವೇಗ ತಗ್ಗಿಸುತ್ತದೆ. 65 ವ್ಯಾಟ್‌ನ 5600ಕ್ಕೆ ಈ ಮಿತಿ 76 ವ್ಯಾಟ್. ಅದಕ್ಕೇ ಸಣ್ಣ ಬೋರ್ಡ್ ತಡೆದುಕೊಳ್ಳುತ್ತದೆ, ಎಸ್‌ಎಂಪಿಎಸ್ ಬದಲಿಸುವ ಪ್ರಶ್ನೆಯೂ ಏಳುವುದಿಲ್ಲ.

ಬಯೋಸ್ (ಸಿಸ್ಟಂ ಆನ್ ಆದ ಕೂಡಲೇ ಓಡುವ, ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ವಿಷಯವನ್ನು ಸಾವಧಾನವಾಗಿ ಓದಿ, ಈ ಅಪ್‌ಗ್ರೇಡ್ ಕೆಡುವುದು ಹೆಚ್ಚಾಗಿ ಇಲ್ಲೇ. ಸಾಕೆಟ್ ಒಂದೇ ಆದರೂ 2018ರ ಬಯೋಸ್‌ಗೆ 2022ರ ಪ್ರೊಸೆಸರ್ ಯಾವುದೆಂದು ಗೊತ್ತಿರುವುದಿಲ್ಲ. ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ. ಪ್ರೊಸೆಸರ್ ಸತ್ತಿದೆ ಎಂದು ಜನ ಅಂಗಡಿಗೆ ವಾಪಸ್ ಓಡುತ್ತಾರೆ. ಹಾಗಾಗಿ ಹಳೇ ಪ್ರೊಸೆಸರ್ ಇನ್ನೂ ಬೋರ್ಡಿನಲ್ಲಿರುವಾಗಲೇ ಬಯೋಸ್ ಅಪ್‌ಡೇಟ್ ಮುಗಿಸಬೇಕು. ವಿಂಡೋಸ್‌ನ ಸಿಸ್ಟಂ ಇನ್‌ಫರ್ಮೇಶನ್ ತೆರೆದರೆ ಬೇಸ್‌ಬೋರ್ಡ್ ಪ್ರಾಡಕ್ಟ್ ಎಂಬ ಸಾಲಿನಲ್ಲಿ ಬೋರ್ಡ್ ಹೆಸರು, ಇನ್ನೊಂದು ಸಾಲಿನಲ್ಲಿ ಬಯೋಸ್ ಆವೃತ್ತಿ ಮತ್ತು ದಿನಾಂಕ ಸಿಗುತ್ತವೆ. ಗಿಗಾಬೈಟ್ ಬೋರ್ಡ್ ಆದರೆ ಮೂಲೆಯಲ್ಲಿ ಮುದ್ರಿಸಿರುವ ರಿವಿಜನ್ ಸಂಖ್ಯೆಯನ್ನೂ ಬರೆದುಕೊಳ್ಳಿ. ಹೆಸರು ಒಂದೇ ಇದ್ದರೂ ರಿವಿಜನ್ ಬೇರೆಯಾದರೆ ಬಯೋಸ್ ಫೈಲೂ ಬೇರೆ. ಕಂಪನಿಯ ವೆಬ್‌ಸೈಟ್‌ನಲ್ಲಿ ನಿಮ್ಮ ಬೋರ್ಡಿನ ಸಿಪಿಯು ಸಪೋರ್ಟ್ ಪಟ್ಟಿ ತೆರೆದು 5600ರ ಎದುರು ಯಾವ ಆವೃತ್ತಿ ಬರೆದಿದೆ ನೋಡಿ. ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಕೊಳ್ಳಬೇಡಿ. ಎಚ್‌ಪಿ, ಡೆಲ್, ಲೆನೊವೊ ಥರದ ರೆಡಿಮೇಡ್ ಡೆಸ್ಕ್‌ಟಾಪ್‌ಗಳಲ್ಲಿ ಸಾಕೆಟ್ ಎಎಂ4 ಆಗಿದ್ದರೂ ಬಯೋಸ್ ಒಪ್ಪದಿರುವ ಸಂದರ್ಭಗಳಿವೆ.

ಎ320, ಬಿ350ಯಂಥ 300 ಸರಣಿಯ ಬೋರ್ಡ್‌ಗಳಲ್ಲಿ ಅಜೀಸಾ (ಬಯೋಸ್‌ಗಾಗಿ ಎಎಂಡಿ ಕೊಡುವ ಮೂಲ ಕೋಡ್) 1.2.0.7 ಅಥವಾ ಅದರ ನಂತರದ ಕೋಡ್ ಇರುವ ಬಯೋಸ್ ಇದ್ದರೆ ಒಳ್ಳೆಯದು. ಎಫ್‌ಟಿಪಿಎಂ (ಭದ್ರತಾ ಕೀಗಳನ್ನು ಕಾಪಾಡುವ ಸೌಲಭ್ಯ) ಆನ್ ಇದ್ದಾಗ ಸಿಸ್ಟಂ ಆಗಾಗ ಕ್ಷಣಕಾಲ ಸ್ತಬ್ಧವಾಗುತ್ತಿದ್ದ ತೊಂದರೆಗೆ ಪರಿಹಾರ ಬಂದದ್ದೂ ಅದರಲ್ಲೇ. ತೀರಾ ಹಳೇ ಬಯೋಸ್‌ನಿಂದ ನೇರ ಹೊಸದಕ್ಕೆ ಜಿಗಿಯಲಾಗದ ಬೋರ್ಡ್‌ಗಳೂ ಇವೆ, ನಡುವೆ ಒಂದು ಆವೃತ್ತಿ ಹಾಕಿಕೊಂಡೇ ಹೋಗಬೇಕು. ಇದನ್ನು ಡೌನ್‌ಲೋಡ್ ಪುಟದ ವಿವರಣೆಯಲ್ಲಿ ಬರೆದಿರುತ್ತಾರೆ, ಓದದೆ ಮುಂದೆ ಹೋಗಬೇಡಿ. ಬಯೋಸ್ ಚಿಪ್ 16 ಎಂಬಿಯದಾದರೆ ಹೊಸ ಪ್ರೊಸೆಸರ್‌ಗಳಿಗೆ ಜಾಗ ಮಾಡಲು ಹಳೆಯ ಎ ಸರಣಿಯ ಎಪಿಯುಗಳ (ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್‌ಗಳ) ಬೆಂಬಲ ತೆಗೆದಿರುತ್ತಾರೆ. ಎಂಎಸ್‌ಐ ಬೋರ್ಡ್‌ಗಳಲ್ಲಿ ಚಂದದ ಪರದೆಯ ಬದಲು ಸರಳ ಪರದೆ ಬರುತ್ತದೆ. ಗಾಬರಿಯಾಗಬೇಕಿಲ್ಲ.

ಫೈಲನ್ನು ಎಫ್‌ಎಟಿ32 ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಹಾಕಿ, ಬಯೋಸ್ ಒಳಗಿನ ಫ್ಲ್ಯಾಶ್ ಸೌಲಭ್ಯದಿಂದಲೇ ಅಪ್‌ಡೇಟ್ ಮಾಡಿ. ವಿಂಡೋಸ್ ಒಳಗಿನಿಂದ ಮಾಡುವ ಸಾಫ್ಟ್‌ವೇರ್ ಬೇಡ. ನಡುವೆ ಕರೆಂಟ್ ಹೋದರೆ ಬೋರ್ಡ್ ಕೆಟ್ಟಂತೆಯೇ, ಆದ್ದರಿಂದ ಯುಪಿಎಸ್ ಇಲ್ಲದ ಮನೆಯಲ್ಲಿ ಲೋಡ್ ಶೆಡ್ಡಿಂಗ್ ವೇಳೆ ನೋಡಿಕೊಂಡು, ಮಳೆ ಗಾಳಿ ಇಲ್ಲದ ಹೊತ್ತಿನಲ್ಲಿ ಕೂರಬೇಕು. ಇನ್ನೊಂದು ಮಾತು: ಡ್ರೈವ್‌ಗೆ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ (ಡೇಟಾಗೆ ವಿಂಡೋಸ್ ಹಾಕುವ ಬೀಗ) ಇದೆಯೇ ಎಂದು ಮೊದಲೇ ನೋಡಿ ರಿಕವರಿ ಕೀ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಪ್ರೊಸೆಸರ್ ಬದಲಾದ ಕೂಡಲೇ ಎಫ್‌ಟಿಪಿಎಂ ರೀಸೆಟ್ ಮಾಡಲೇ ಎಂದು ಪರದೆ ಕೇಳುತ್ತದೆ. ಹೌದು ಎಂದಾದ ಮೇಲೆ ಕೀ ಇಲ್ಲದಿದ್ದರೆ ಆ ಡ್ರೈವ್‌ನ ಫೋಟೊ, ದಾಖಲೆಗಳ ಆಸೆ ಬಿಡಬೇಕಾಗುತ್ತದೆ.

ಬದಲಿಸುವ ಕೆಲಸದಲ್ಲಿ ಅಪಾಯ ಇರುವುದು ಹಳೇ ಕೂಲರ್ ತೆಗೆಯುವಾಗ. ಎಎಂ4ನಲ್ಲಿ 1331 ಪಿನ್‌ಗಳೂ ಪ್ರೊಸೆಸರ್‌ನ ಅಡಿಯಲ್ಲೇ ಇರುತ್ತವೆ. ಒಣಗಿದ ಥರ್ಮಲ್ ಪೇಸ್ಟ್ ಗೋಂದಿನಂತೆ ಹಿಡಿದುಕೊಂಡಿರುವಾಗ ಕೂಲರನ್ನು ನೇರ ಮೇಲಕ್ಕೆ ಕಿತ್ತರೆ ಲಾಕ್ ಹಾಕಿದ್ದರೂ ಪ್ರೊಸೆಸರ್ ಜೊತೆಗೇ ಎದ್ದು ಬಂದು ಪಿನ್ ಬಾಗುತ್ತದೆ. ಅದಕ್ಕೆ ಮೊದಲು ಹತ್ತು ಹದಿನೈದು ನಿಮಿಷ ಏನಾದರೂ ಭಾರದ ಕೆಲಸ ಓಡಿಸಿ ಬಿಸಿ ಮಾಡಿ, ಸಿಸ್ಟಂ ಆಫ್ ಮಾಡಿ ವೈರ್ ತೆಗೆದು, ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ. ಹಿಡಿತ ಸಡಿಲವಾದದ್ದು ಕೈಗೆ ಗೊತ್ತಾದ ಮೇಲೆಯೇ ಎತ್ತಿ. ಹೊಸ ಪ್ರೊಸೆಸರ್‌ನ ಮೂಲೆಯ ಚಿನ್ನದ ಬಣ್ಣದ ತ್ರಿಕೋನ, ಸಾಕೆಟ್‌ನ ತ್ರಿಕೋನ ಎರಡೂ ಒಂದೇ ಮೂಲೆಗೆ ಬರಬೇಕು. ಲಿವರ್ ಎತ್ತಿದ್ದರೆ ಅದು ತಾನಾಗಿಯೇ ಇಳಿಯುತ್ತದೆ, ಒತ್ತುವ ಅಗತ್ಯ ಬಿದ್ದರೆ ದಿಕ್ಕು ತಪ್ಪಿದೆ ಅಥವಾ ಪಿನ್ ಬಾಗಿದೆ.

ಡಬ್ಬದಲ್ಲಿ ಬರುವ ರೇತ್ ಸ್ಟೆಲ್ತ್ ಕೂಲರ್‌ಗೆ ನಾಲ್ಕು ಸ್ಕ್ರೂ. ಹಳೇ ಕೂಲರ್ ಕ್ಲಿಪ್‌ನದಾಗಿದ್ದರೆ ಸಾಕೆಟ್ ಪಕ್ಕದ ಪ್ಲಾಸ್ಟಿಕ್ ಬ್ರ್ಯಾಕೆಟ್‌ಗಳನ್ನು ಬಿಚ್ಚಬೇಕು, ಬಿಚ್ಚಿದೊಡನೆ ಬೋರ್ಡ್ ಹಿಂದಿನ ಬ್ಯಾಕ್‌ಪ್ಲೇಟ್ ಕಳಚಿ ಬೀಳುತ್ತದೆ. ಹಿಂದಿನಿಂದ ಒಬ್ಬರು ಬೆರಳಿಟ್ಟು ಹಿಡಿದಿರಲಿ. ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿಗೊಳಿಸಿ. ರೈಜನ್ 5 1600ರ ಜೊತೆ ಬಂದ ರೇತ್ ಸ್ಪೈರ್ ನಿಮ್ಮಲ್ಲಿದ್ದರೆ ಸ್ಟೆಲ್ತ್ ಎತ್ತಿಟ್ಟು ಅದನ್ನೇ ಹಾಕಿ, ಅದರ ಹೀಟ್‌ಸಿಂಕ್ ದೊಡ್ಡದು. ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಹೊಸದನ್ನು ನಡುವೆ ಒಂದು ಸಣ್ಣ ಬೊಟ್ಟು ಇಟ್ಟರೆ ಸಾಕು.

ಮೊದಲ ಸಲ ಆನ್ ಮಾಡಿದಾಗ ಪರದೆ ಒಂದೆರಡು ನಿಮಿಷ ಕಪ್ಪಗೇ ಇರಬಹುದು, ರ‍್ಯಾಮ್ ಪರೀಕ್ಷೆ ನಡೆದಿರುತ್ತದೆ. ಆ ಮೇಲೂ ಬರದಿದ್ದರೆ ವೈರ್ ತೆಗೆದು ಬೋರ್ಡಿನ ಸಿಆರ್2032 ಸೆಲ್ಲನ್ನು ಐದು ನಿಮಿಷ ಹೊರಗಿಟ್ಟು, ಒಂದೇ ರ‍್ಯಾಮ್ ಹಾಕಿ ಮತ್ತೆ ನೋಡಿ. ಬಯೋಸ್ ಅಪ್‌ಡೇಟ್ ಆದ ಮೇಲೆ ರ‍್ಯಾಮ್ ವೇಗ 2133 ಅಥವಾ 2400ಕ್ಕೆ ಇಳಿದಿರುತ್ತದೆ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಡಿಓಸಿಪಿ ಎಂಬ ಆಯ್ಕೆ ಆನ್ ಮಾಡಿ ಮತ್ತೆ ಮೊದಲಿನ ವೇಗಕ್ಕೆ ತನ್ನಿ. ಒಂದೇ 8 ಜಿಬಿ ರ‍್ಯಾಮ್ ಇದ್ದರೆ ಅಂಥದೇ ಇನ್ನೊಂದು ಹಾಕಿ ಡ್ಯುಯಲ್ ಚಾನೆಲ್ ಮಾಡುವುದು ಒಳ್ಳೆಯದು, 5600ಜಿ ಹಾಕಿದವರಿಗಂತೂ ಕಡ್ಡಾಯವೆಂದೇ ತಿಳಿಯಿರಿ. ಒಳಗಿನ ಗ್ರಾಫಿಕ್ಸ್ ಬಳಸುವುದು ಇದೇ ರ‍್ಯಾಮನ್ನು.

5600 ತಡೆದುಕೊಳ್ಳುವ ಗರಿಷ್ಠ ಬಿಸಿ 90 ಡಿಗ್ರಿ. ಸ್ಟೆಲ್ತ್ ಚಿಕ್ಕ ಕೂಲರ್. ಮೈಸೂರಿನ ಚಳಿಗಾಲದಲ್ಲಿ ಅದು ಸಾಕೆನಿಸಿದರೂ ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ಕೋಣೆಯ ಬಿಸಿ ಏರಿದಷ್ಟೂ ಪ್ರೊಸೆಸರ್ ಬಿಸಿಯೂ ಏರುತ್ತದೆ. ಗಂಟೆಗಟ್ಟಲೆ ರೆಂಡರ್ ಮಾಡುವವರು ಆ ಊರುಗಳಲ್ಲಿ ನಾಲ್ಕು ಹೀಟ್‌ಪೈಪ್‌ನ ಟವರ್ ಕೂಲರ್ ಹಾಕಿಸಿಕೊಳ್ಳುವುದು ಲೇಸು. ಉಳಿದವರು ಕ್ಯಾಬಿನೆಟ್‌ನ ಮುಂದಿನ ಜಾಲರಿಯ ಧೂಳು ತೆಗೆದರೆ ಸಾಕು.

ವಿಂಡೋಸ್ ಲೆಕ್ಕದಲ್ಲೂ ಈ ಬದಲಾವಣೆಗೆ ಅರ್ಥವಿದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ರೈಜನ್ 1000 ಸರಣಿ, 2200ಜಿ, 2400ಜಿ ಇವು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ, 5600 ಇದೆ.

ಕೊಳ್ಳುವಾಗ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ನಾಲ್ಕು ಅಂಗಡಿ ಸುತ್ತಿ ಆನ್‌ಲೈನ್ ಬೆಲೆಯ ಜೊತೆ ಹೋಲಿಸಿ. ಕೇಳಬೇಕಾದ ಮೊದಲ ಪ್ರಶ್ನೆ ಬಾಕ್ಸ್ ಪೀಸೋ ಟ್ರೇ ಪೀಸೋ (ಡಬ್ಬವಿಲ್ಲದೆ ಬಿಡಿಯಾಗಿ ಮಾರುವುದೋ) ಎಂದು. ಬಾಕ್ಸ್‌ಗೆ ಎಎಂಡಿಯ 3 ವರ್ಷದ ವಾರಂಟಿ, ಜೊತೆಗೆ ಕೂಲರ್. ಟ್ರೇಗೆ ಅಂಗಡಿಯವರು ಬರೆದುಕೊಟ್ಟಷ್ಟೇ. ಜಿಎಸ್‌ಟಿ ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ, ಡಬ್ಬದ ಕಿಟಕಿಯಲ್ಲಿ ಕಾಣುವ ಪ್ರೊಸೆಸರ್ ಮೇಲಿನ ಅಕ್ಷರಗಳನ್ನು ಓದಿ ನೋಡಿ. ಸೆಕೆಂಡ್ ಹ್ಯಾಂಡ್ ಆದರೆ ಪಿನ್‌ಗಳ ಸಾಲನ್ನು ಬೆಳಕಿಗೆ ಓರೆಯಾಗಿ ಹಿಡಿದು ಎರಡೂ ದಿಕ್ಕಿನಿಂದ ನೋಡಿ, ಸಾಲು ತಪ್ಪಿದ ಪಿನ್ ಥಟ್ಟನೆ ಕಾಣುತ್ತದೆ. ರೈಜನ್ ಪ್ರೊ ಎಂದು ಅಗ್ಗವಾಗಿ ಮಾರುವವುಗಳ ಬಗ್ಗೆ ಹುಷಾರು. ಕೆಲವು ಕಂಪನಿ ಸಿಸ್ಟಂಗಳಿಂದ ತೆಗೆದವು ಆ ಬ್ರ್ಯಾಂಡ್‌ನ ಬೋರ್ಡಿಗೇ ಲಾಕ್ ಆಗಿರುತ್ತವೆ, ನಿಮ್ಮ ಬೋರ್ಡಿನಲ್ಲಿ ಏಳುವುದೇ ಇಲ್ಲ.

ಇಂಟೆಲ್ ಇರುವವರಿಗೆ ಇಷ್ಟು ಸಲೀಸಿಲ್ಲ. ಎಚ್110 ಬೋರ್ಡ್, ಐ5-6500 ಇದ್ದರೆ ಮೇಲಿನ ಮಿತಿ ಐ7-7700 ಅಥವಾ 7700ಕೆ. 8ನೇ ತಲೆಮಾರಿನದು ಸಾಕೆಟ್‌ನಲ್ಲಿ ಕೂತರೂ ಓಡುವುದಿಲ್ಲ. 7700ಕ್ಕೆ ಸೆಕೆಂಡ್ ಹ್ಯಾಂಡ್‌ನಲ್ಲೂ ಕೊಡುವ ದುಡ್ಡು ದಂಡ, ಅದು ವಿಂಡೋಸ್ 11 ಪಟ್ಟಿಯಲ್ಲೂ ಇಲ್ಲ. ಅಂಥವರು 500 ಜಿಬಿ ಎಸ್‌ಎಸ್‌ಡಿ, ಒಟ್ಟು 16 ಜಿಬಿ ರ‍್ಯಾಮ್ ಹಾಕಿಸಿ ಆ ಸಿಸ್ಟಂನ್ನು ಇನ್ನಷ್ಟು ಕಾಲ ನಡೆಸುವುದು ಮೇಲು. ಎಚ್610 ಬೋರ್ಡ್ ಮೇಲೆ ಐ3-12100 ಇರುವವರು ಮಾತ್ರ ಅದೃಷ್ಟವಂತರು, ಐ5-12400 ಅದೇ ಸಾಕೆಟ್‌ಗೆ ನೇರವಾಗಿ ಕೂರುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಹೆಸರಿನ ಕೊನೆಯಲ್ಲಿ ಎಫ್ ಇರುವುದನ್ನು ಕೊಳ್ಳಬೇಡಿ.